ಹುರ್ಮತ್ ನೆನೆಸಿದ ಗೋಧಿ

ನೂರಲ್ ಗೋಠು ಎಂಬ ಹಳ್ಳಿಯಲ್ಲಿ ಹುರ್ಮತಳಿಗೆ ಎದುರಾಡುವವರು ಕಡಿಮೆ. ಅವಳೇನು ಜಗಳಗಂಟಿಯಲ್ಲ. ಎದುರಾಡಲು ಆಸ್ಪದವಾಗುವಷ್ಟು ಮಾತನ್ನೇ ಅವಳು ಆಡುತ್ತಿರಲಿಲ್ಲ. ತಾಯಿ ಸತ್ತಾಗ ತಮ್ಮ ಬಚಲ್ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಒಲೆ ಹಚ್ಚಿದಳು, ಎಮ್ಮೆ ಕರೆದಳು, ಭತ್ತ ಕುಟ್ಟಿದಳು. ಮದುವೆಯಾಗಿ ಕಾಲುವೆಯಾಚೆಯ ಊರಿಗೆ ಹೋದವಳು, ಗಂಡ ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ಒಂದು ತಗಡಿನ ಪೆಟ್ಟಿಗೆ, ಒಂದು ಆಡು ಹಿಡಿದುಕೊಂಡು ತವರಿಗೇ ಮರಳಿದಳು. ಮಕ್ಕಳಾಗಿರಲಿಲ್ಲ. ಬಚಲನಿಗೆ ಆಗಷ್ಟೇ ಮೀಸೆ ಮೂಡಿತ್ತು. ಬಾಗಿಲಲ್ಲಿ ನಿಂತ ಅಕ್ಕನ ಕೈಯಿಂದ ಪೆಟ್ಟಿಗೆ ಇಸಿದುಕೊಂಡು ಅವನು ಹೇಳಿದ್ದು ಇಷ್ಟೆ: "ಬಾ ಅದೀ. ಬಿತ್ತನೆ ಬೀಜ ಇನ್ಮೇಲೆ ನೀನೇ ನೋಡ್ಕೋ." ಮಾತು ಬಂದಾಗಿನಿಂದ ಅಕ್ಕನನ್ನು ಅವನು ಕರೆಯುತ್ತಿದ್ದುದೇ ಹಾಗೆ, ಅದೀ ಎಂದು. ಆ ಸೀಮೆಯಲ್ಲಿ ಬಿತ್ತನೆ ಬೀಜ ಯಾರ ವಶದಲ್ಲಿರುತ್ತದೆಯೋ ಅವಳೇ ಮನೆಯ ಯಜಮಾನಿ. ಆಮೇಲೆ ಬಚಲನ ಕೈಹಿಡಿದು ಬಂದ ಸೋನಾಂ ಕೂಡ ಅದನ್ನು ಒಪ್ಪಿಕೊಂಡೇ ಬಂದಳು.

ಸಿಂಧೂ ನದಿ ಕಡಲಿಗೆ ಬೀಳುವ ಬಾಯಲ್ಲಿತ್ತು ಆ ಊರು. ಅಜ್ಜ ನೂರಲನ ಕಾಲದಲ್ಲಿ ಅಲ್ಲಿ ಕೆಂಪಕ್ಕಿ ಎಷ್ಟು ಬೆಳೆಯುತ್ತಿತ್ತೆಂದರೆ, ಒಂಟೆಗಳ ಸಾಲು ಹಿಂದಿರುಗುವಾಗ ದಾರಿಯುದ್ದಕ್ಕೂ ಚೆಲ್ಲಿದ ಕಾಳನ್ನು ಹಕ್ಕಿಗಳೂ ಪೂರ್ತಿ ತಿಂದು ಮುಗಿಸುತ್ತಿರಲಿಲ್ಲವಂತೆ. ಆಮೇಲೆ ನದಿಯ ಮೇಲ್ಭಾಗದಲ್ಲಿ ಒಂದರ ಹಿಂದೆ ಒಂದು ಅಣೆಕಟ್ಟು ಎದ್ದವು. ನದಿ ಬರುವುದು ಕಡಿಮೆಯಾಯಿತು. ನದಿ ಬಿಟ್ಟುಹೋದ ದಾರಿಯಲ್ಲಿ ಕಡಲು ಒಳಗೆ ಬಂತು. ಮೊದಲು ಬಾವಿ ನೀರಲ್ಲಿ ಚಹಾ ಕಾಸಿದರೆ ಹಾಲು ಒಡೆಯತೊಡಗಿತು. ಆಮೇಲೆ ಬೇಸಿಗೆಯಲ್ಲಿ ಹೊಲದ ಮೇಲೆ ಬಿಳಿ ಪೊರೆ ಕಟ್ಟಿತು. ನಡೆದರೆ ಹಪ್ಪಳ ಮುರಿದ ಹಾಗೆ ಸದ್ದು. ಭತ್ತ ಕೈಬಿಟ್ಟು, ಕಾಲುವೆಯ ಕೊನೆಯಲ್ಲಿ ಬಂದಷ್ಟು ನೀರಿಗೆ ಚಳಿಗಾಲದ ಗೋಧಿ ಹಾಕಿಕೊಂಡರು. ಅದೂ ಸವಳು ಹೆಚ್ಚಿದ ಹಾಗೆಲ್ಲ ಮುದುಕನ ಬಾಯಿಯ ಹಲ್ಲಿನಂತೆ ಇಲ್ಲೊಂದು ಅಲ್ಲೊಂದು ಹುಟ್ಟತೊಡಗಿತು.

ಹಾಜಿ ಮಿಠೂ ಬಂದದ್ದು ಆ ಕಾಲಕ್ಕೆ. ಮೀನು, ಏಡಿ ಸಾಕುವ ಹೊಂಡ ತೋಡಲು ಅವನಿಗೆ ಸವಳು ನೆಲ ಬೇಕಾಗಿತ್ತು. ಕೆಟ್ಟವನೇನಲ್ಲ, ಕೊಡುತ್ತೇನೆಂದ ಬೆಲೆ ನ್ಯಾಯವಾಗಿಯೇ ಇತ್ತು. ಆ ದುಡ್ಡು ಹಿಡಿದು ಸುಜಾವಲ್ ಕಡೆ, ಕಾಲುವೆಯ ಮೇಲ್ಭಾಗದಲ್ಲಿ, ಚಿಕ್ಕದಾದರೂ ಸಿಹಿ ನೀರಿನ ಹೊಲ ಮಾಡಬಹುದು ಎಂಬುದು ಪಕ್ಕದ ಮನೆಯ ಜುಮನನ ಲೆಕ್ಕ. ಬಚಲನಿಗೂ ಅದು ಸರಿ ಕಂಡಿತ್ತು.

"ಅಮ್ಮನ ಗೋರಿ ಇಲ್ಲಿದೆ," ಎಂದಳು ಹುರ್ಮತ್.

"ಅಮ್ಮ ಎಲ್ಲೂ ಓಡೋಗಲ್ಲ ಅದೀ. ವರ್ಷಕ್ಕೊಂದ್ಸಲ ಬಂದು ಫಾತಿಹಾ ಓದಿ ಹೋಗೋಣ."

ಆದರೆ ಹುರ್ಮತ್ ಸಾಗಿಸಲೆಂದು ಗುಡಾಣದಿಂದ ಬೀಜ ತೆಗೆಯಲೂ ಇಲ್ಲ, ಬೇರೆಯವರಿಗೆ ತೆಗೆಯಲು ಬಿಡಲೂ ಇಲ್ಲ; ಹೊಲ ಮಾರುವ ಮಾತು ಅಲ್ಲಿಗೇ ನಿಂತಿತು.

ಅದೇ ದಿನಗಳಲ್ಲಿ ಕಾಲುವೆಯಾಚೆಯ ಊರಿಗೆ ಫೆಹ್ಮಿದಾ ಎಂಬ ಹುಡುಗಿ ಜೀಪಿನಲ್ಲಿ ಬಂದಿದ್ದಾಳೆ, ಕೃಷಿ ಓದಿದವಳಂತೆ, ಬರೀ ಹೆಂಗಸರನ್ನೇ ಕೂರಿಸಿಕೊಂಡು ಬೀಜದ ಪಾಠ ಹೇಳುತ್ತಾಳಂತೆ ಎಂದು ಸುದ್ದಿಯಾಯಿತು. ಹುರ್ಮತ್ ಆಡು ಮೇಯಿಸುವ ನೆಪದಲ್ಲಿ ಹೋಗಿ ಹಿಂದೆ ನಿಂತು ಕೇಳಿದಳು. ಮರುದಿನ ನೆಪವಿಲ್ಲದೆ ಹೋಗಿ ಮುಂದೆ ಕೂತಳು. ಫೆಹ್ಮಿದಾ ಹೇಳಿದ್ದು ಕಷ್ಟದ್ದೇನಲ್ಲ. ಜಳ್ಳು ತೇಲಿಸಿ ತೆಗೆಯಬೇಕು. ಸಿಹಿ ನೀರಿನಲ್ಲಿ ಜಿಪ್ಸಂ ಪುಡಿ ಕದಡಿ, ತಿಳಿಯಾದ ಮೇಲೆ ಆ ತಿಳಿಯಲ್ಲಿ ಗೋಧಿಯನ್ನು ಒಂದು ರಾತ್ರಿ ನೆನೆಹಾಕಬೇಕು. ಮೊಳಕೆ ಮೂತಿ ತೋರುವ ಮೊದಲೇ ಬಸಿದು, ನೆರಳಲ್ಲಿ ಹರವಿ, ಕಾಳು ಕೈಗೆ ಅಂಟದ ಹಾಗೆ ಆರಿಸಿ, ತಡಮಾಡದೆ ಬಿತ್ತಬೇಕು. "ಉಪ್ಪು ನೆಲದಲ್ಲಿ ಕಾಳಿಗೆ ನೀರು ಸಿಗೋದೇ ಕಷ್ಟ ಅಮ್ಮಾ," ಎಂದಳು ಹುಡುಗಿ. "ಮನೇಲೇ ಹೊಟ್ಟೆ ತುಂಬಾ ಕುಡಿಸಿ ಕಳಿಸಿದ್ರೆ ಅದು ಬೇಗ ಏಳುತ್ತೆ. ಉಪ್ಪು ಅದನ್ನ ಹಿಡ್ಕೊಳ್ಳೋ ಮೊದ್ಲೇ ಬೇರು ಬಿಟ್ಟಿರುತ್ತೆ."

ಹುರ್ಮತ್ ಮನೆಗೆ ಬಂದು, ಉಬ್ಬರದ ನೀರು ಹರಿಯುವ ಹಳ್ಳದ ಪಕ್ಕದ ತುಂಡು ತನಗೆ ಕೊಡು ಎಂದು ತಮ್ಮನನ್ನು ಕೇಳಿದಳು. ಹೊಲದಲ್ಲೆಲ್ಲ ಅದೇ ಅತಿ ಸವಳಾದ ತುಂಡು.

ಅಂಗಳದಲ್ಲಿ ಈಚಲ ಚಾಪೆಯ ಮೇಲೆ ಒದ್ದೆ ಗೋಧಿ ಹರವಿ ಕೂತಿದ್ದ ಅಕ್ಕನನ್ನು ಕಂಡು ಬಚಲ್ ನಕ್ಕ. "ಏನ್ ಅದೀ, ಗೋಧಿಗೆ ಸ್ನಾನ ಮಾಡ್ಸಿ ಮದ್ವೆ ಮನೆಗೆ ಕಳಿಸ್ತಿದ್ದೀಯೇನು?"

"ನಿಂಗೂ ಹಿಂಗೇ ಮಾಡ್ಸಿ ಕಳಿಸಿದ್ದೆ. ನೀನೇನು ಕೆಟ್ಟೋದ್ಯಾ?"

ಒಳಗಿದ್ದ ಸೋನಾಂ, "ಅದನ್ನ ನನ್ನ ಕೇಳಿ," ಎಂದಳು. ಮೂವರೂ ನಕ್ಕರು. ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಗುವುದು ಅಪರೂಪವೇನೂ ಆಗಿರಲಿಲ್ಲ ಆಗ.

ಹಳ್ಳದ ಪಕ್ಕದ ತುಂಡಿನಲ್ಲಿ ಗೋಧಿ ಎದ್ದಿತು. ಬಚಲ್ ಒಣಬೀಜ ಬಿತ್ತಿದ ಹೊಲದಲ್ಲಿ ಇನ್ನೂ ಮಣ್ಣೇ ಕಾಣುತ್ತಿದ್ದಾಗ ಅಕ್ಕನ ತುಂಡು ಕಂಬಳಿ ಹಾಸಿದ ಹಾಗೆ ಹಸಿರಾಯಿತು. ಜನ ಬಂದು ನೋಡಿದರು. ಜುಮನ್ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಒಂದು ಸಸಿ ಕಿತ್ತು ಬೇರು ನೋಡಿ, ಮತ್ತೆ ಅದನ್ನು ಅಲ್ಲೇ ನೆಟ್ಟು ಎದ್ದು ಹೋದ. ಸುಗ್ಗಿಯಲ್ಲಿ ತೆನೆ ಸಣ್ಣದಾಗಿತ್ತು, ನಿಜ. ಆದರೆ ತೆನೆ ಇತ್ತು. ಆ ತುಂಡಿನಲ್ಲಿ ಬೆಳೆ ಕಂಡು ವರ್ಷಗಳಾಗಿದ್ದವು. ಊರ ಹೆಂಗಸರು ಅವಳನ್ನು ಬೀಜದ ಮಾಯಿ ಎಂದು ಕರೆಯಲು ಶುರುಮಾಡಿದರು. ಬಂದವರ ಮುಂದೆ ಅವಳಿಗೂ ಮಾತು ಬಂತು. "ನೆನೆಸಿದ ಬೀಜಕ್ಕೆ ಕಡಲಿನ ಭಯವಿಲ್ಲ," ಎಂದು ಎಲ್ಲೋ ಒಮ್ಮೆ ಹೇಳಿದಳು. ಆ ಮಾತು ಊರಲ್ಲಿ ಗಾದೆಯ ಹಾಗೆ ಓಡಾಡಿತು.

ಸುಗ್ಗಿ ಮುಗಿದ ಮೇಲೆ ಹಾಜಿ ಮಿಠೂ ಮತ್ತೆ ಬಂದ. ಈ ಸಲ ಬೆಲೆಯನ್ನು ಏರಿಸಿಯೂ ಇದ್ದ. ಜುಮನ್ ಕೈಕುಲುಕಿ ಒಪ್ಪಿಕೊಂಡ. ಬಚಲ್ ಎರಡು ದಿನ ಸಮಯ ಕೇಳಿದ.

ಅದೇ ಹೊತ್ತಿಗೆ ಫೆಹ್ಮಿದಾಳೂ ಬಂದಳು. ಹಳ್ಳದ ಪಕ್ಕದ ತುಂಡಿನಲ್ಲಿ ಅಲ್ಲಲ್ಲಿ ಅಗೆದು ಮಣ್ಣು ತೆಗೆದು, ನೀರಲ್ಲಿ ಕಲಸಿ, ಉಪ್ಪು ಅಳೆಯುವ ಪುಟ್ಟ ಯಂತ್ರವೊಂದನ್ನು ಅದ್ದಿ ನೋಡಿದಳು. ಹುರ್ಮತ್ ಪಕ್ಕದಲ್ಲಿ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದಳು. ಬಚಲ್ ಎಮ್ಮೆಗಳ ಹಿಂದೆ ಹೋಗಿದ್ದ.

"ಬಹಳ ಚೆನ್ನಾಗಿ ಮಾಡಿದ್ದೀರಿ ಮಾಯಿ," ಎಂದಳು ಹುಡುಗಿ. "ನಾನು ಹೇಳಿದ್ದನ್ನ ಇಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಿರಲಿಲ್ಲ." ಆಮೇಲೆ ಕೈ ಒರೆಸಿಕೊಂಡು ಯಂತ್ರವನ್ನು ಚೀಲಕ್ಕೆ ಹಾಕಿದಳು. "ಆದ್ರೆ ಒಂದು ಮಾತು. ಇದು ಮೊಳಕೇನ ಹೊಸಿಲು ದಾಟಿಸುತ್ತೆ, ಅಷ್ಟೆ. ಮಣ್ಣಲ್ಲಿರೋ ಉಪ್ಪು ಒಂದು ಚಿಟಿಕೇನೂ ಕಮ್ಮಿಯಾಗಲ್ಲ. ಅದನ್ನ ತೊಳ್ಯೋಕೆ ಮೇಲಿಂದ ಸಿಹಿ ನೀರೇ ಬರ್ಬೇಕು. ಇಲ್ಲಿ ಹೋದ ವರ್ಷಕ್ಕಿಂತ ಉಪ್ಪು ಏರಿದೆ. ಕೆಳಗಿನ ಪದರದಲ್ಲಿ ಇನ್ನೂ ಜಾಸ್ತಿ. ಮನೇಲಿ ಎಲ್ಲರಿಗೂ ಹೇಳಿ ಮಾಯಿ. ಬೀಜ ಎದ್ದಿತು ಅಂತ ಹೊಲ ಉಳೀತು ಅಂದ್ಕೋಬಾರ್ದು."

"ಮಜ್ಜಿಗೆ ಕುಡಿ ಮಗಳೇ," ಎಂದಳು ಹುರ್ಮತ್.

ಸಂಜೆ ಬಚಲ್ ಕೈಕಾಲು ತೊಳೆದು ಬಂದು ಕೂತ. ರೊಟ್ಟಿ ಮುರಿಯುತ್ತ ಕೇಳಿದ. "ಆ ಹುಡುಗಿ ಬಂದಿತ್ತಂತಲ್ಲ ಅದೀ. ಏನಂತು?"

"ಚೆನ್ನಾಗಿದೆ ಅಂತು. ಇಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಿಲ್ಲ ಅಂತು."

"ಮತ್ತೇನಂತು?"

"ಮತ್ತೇನಿರುತ್ತೆ? ಓದಿದೋರು ಏನೇನೋ ಹೇಳ್ತಾರೆ. ಇನ್ನೊಂದು ರೊಟ್ಟಿ ಹಾಕ್ಲಾ?"

ಅವಳು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹುಡುಗಿಯ ಎರಡನೆಯ ಮಾತು ಅವಳಿಗೆ ಅಪಶಕುನದ ಹಾಗೆ ಕೇಳಿಸಿತ್ತು. ಆರೋಗ್ಯವಾಗಿ ಹುಟ್ಟಿದ ಮಗುವಿನ ತೊಟ್ಟಿಲ ಬಳಿ ಯಾರಾದರೂ ಆಯುಷ್ಯದ ಮಾತು ತೆಗೆದರೆ ಕೇಳಿಸುತ್ತದಲ್ಲ, ಹಾಗೆ. ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನ ಬೆಳಗ್ಗೆ ಬಚಲ್ ಹಾಜಿಯ ಮನೆಗೆ ಹೋಗಿ, ಹೊಲ ಕೊಡುವುದಿಲ್ಲ ಎಂದು ಹೇಳಿ ಬಂದ. ಅವನನ್ನು ನೋಡಿ ಇನ್ನೂ ಮೂರು ಮನೆಯವರು ಹಿಂದೆ ಸರಿದರು. ಜುಮನ್ ಒಬ್ಬನೇ ಗಾಡಿಗೆ ಮಂಚ, ಕೋಳಿ, ಹೆಂಡತಿಮಕ್ಕಳನ್ನು ಹೇರಿಕೊಂಡು ಸುಜಾವಲ್ ಕಡೆ ಹೊರಟ. ಊರ ಹುಡುಗರು ಅವನ ಹಿಂದೆ ಓಡಿ, "ಜುಮನ್ ಚಾಚಾ, ಕಡಲಿಗೆ ಹೆದರಿ ಓಡ್ತಾನೆ," ಎಂದು ಹಾಡಿದರು. ಹುರ್ಮತ್ ಅವರನ್ನು ಗದರಿಸಲಿಲ್ಲ. ಒಳಗೊಳಗೇ ಅವಳಿಗೆ ಖುಷಿಯೂ ಆಗಿತ್ತು.

ಮುಂದೆ ಕೆಲವು ವರ್ಷ ಗೋಧಿ ಬಂತು. ಒಂದು ವರ್ಷ ಸ್ವಲ್ಪ ಹೆಚ್ಚು, ಒಂದು ವರ್ಷ ಸ್ವಲ್ಪ ಕಡಿಮೆ. ಬಿತ್ತನೆಯ ಕಾಲಕ್ಕೆ ಹುರ್ಮತಳ ಅಂಗಳದಲ್ಲಿ ನಾಲ್ಕು ಮನೆಯ ಗೋಧಿ ನೆನೆಯುತ್ತಿತ್ತು. ಹೆಂಗಸರು ತಂತಮ್ಮ ಹೆಡಿಗೆ ಹಿಡಿದು ಬಂದು ಅಲ್ಲೇ ಹರಟೆ ಹೊಡೆಯುತ್ತ ಆರಿಸುತ್ತಿದ್ದರು. ಬಚಲನಿಗೆ ಇಬ್ಬರು ಹೆಣ್ಣುಮಕ್ಕಳಾದರು. ಫೆಹ್ಮಿದಾ ಹೇಳಿದ ಮಾತು ಹುರ್ಮತಳಿಗೆ ಆಗಾಗ ನೆನಪಾಗುತ್ತಿತ್ತು. ಆದರೆ ಇಷ್ಟು ದಿನ ಬಿಟ್ಟು ಈಗ ಹೇಳಿದರೆ, ಆಗಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಹಾಗೆಯೇ ದಿನ ಕಳೆಯಿತು.

ಒಂದು ಮಳೆಗಾಲ ಹುಣ್ಣಿಮೆಯ ಉಬ್ಬರಕ್ಕೆ ಗಾಳಿಯೂ ಸೇರಿ ಕಡಲು ಹಳ್ಳ ಹತ್ತಿ ಹೊಲಕ್ಕೆ ಬಂತು. ಬಂದದ್ದು ಬೇಗ ಇಳಿಯಲಿಲ್ಲ. ಮನೆಯ ಹೊಸಿಲವರೆಗೆ ಬಂದು ನಿಂತು, ಆಮೇಲೆ ಒಣಗುತ್ತ ಒಣಗುತ್ತ ಉಪ್ಪು ಬಿಟ್ಟು ಹೋಯಿತು. ಮೂರು ಮನೆಯವರು ಕೇಳಿದರು, "ಈಗೇನು ಮಾಯಿ?"

"ಬಿತ್ತೋಣ," ಎಂದಳು ಅವಳು. "ಈ ಸಲ ಇನ್ನೂ ಚೆನ್ನಾಗಿ ನೆನೆಸೋಣ."

ಕುಡಿಯಲು ತಂದ ಟ್ಯಾಂಕರಿನ ನೀರನ್ನೇ ಉಳಿಸಿ ಗೋಧಿ ನೆನೆಸಿದರು. ಮಕ್ಕಳು ಬಾಯಾರಿಕೆ ತಡೆದುಕೊಂಡರು. ಗೋಧಿ ಎದ್ದಿತು ಕೂಡ, ಮೊದಲಿನಷ್ಟು ಒತ್ತಾಗಿ ಅಲ್ಲದಿದ್ದರೂ. ಎಲ್ಲರೂ ಅವಳ ಕೈಗುಣವನ್ನು ಹೊಗಳಿದರು. ಮೊಣಕಾಲೆತ್ತರ ಬಂತು, ತೆನೆ ಕಟ್ಟಿತು. ಹಾಲುಗಾಳಿನ ಹೊತ್ತಿಗೆ ತುದಿಯಿಂದ ಎಲೆ ಸುಡುತ್ತ ಬಂತು. ಒಂದು ಮಧ್ಯಾಹ್ನ ಬಚಲ್ ತೆನೆಯೊಂದನ್ನು ಅಂಗೈಯಲ್ಲಿ ಉಜ್ಜಿ ಊದಿದ. ಹೊಟ್ಟು ಹಾರಿತು. ಕೈಯಲ್ಲಿ ಏನೂ ಉಳಿಯಲಿಲ್ಲ. ಇನ್ನೊಂದನ್ನು ಕಿತ್ತು ಉಜ್ಜಿದ. ಅಕ್ಕನ ಕಡೆ ನೋಡದೆ ಬದುವಿನ ಉದ್ದಕ್ಕೂ ಹಾಗೆಯೇ ಉಜ್ಜುತ್ತ, ಊದುತ್ತ ನಡೆದ.

ಮರುವರ್ಷವೂ ಹಾಗೆಯೇ ಆಯಿತು. ಎಮ್ಮೆ ಮಾರಿದರು. ಬಚಲ್ ಹಾಜಿ ಮಿಠೂನನ್ನು ಹುಡುಕಿಕೊಂಡು ಹೋದ. ಹೆಂಗಸು ಬಂದರೆ ಹಾಜಿ ಮೆತ್ತಗಾಗಬಹುದೆಂದು ಹುರ್ಮತಳೂ ಜೊತೆಗೆ ಹೋದಳು.

ಹಾಜಿ ಮಂಚ ಹಾಕಿಸಿ ಕೂರಿಸಿದ, ಚಹಾ ತರಿಸಿದ. ಎಲ್ಲ ಕೇಳಿಸಿಕೊಂಡ.

"ತಮ್ಮಾ ಬಚಲ್, ನಿನ್ನ ಹೊಲ ಈಗ ಪ್ರತಿ ಉಬ್ಬರಕ್ಕೂ ಮುಳುಗುತ್ತೆ. ಅಲ್ಲಿ ಏರಿ ಕಟ್ಟಿದ್ರೆ ನಿಲ್ಲಲ್ಲ. ಕಡಲು ಬಿಟ್ಟಿ ಕೊಡೋ ನೀರಿಗೆ ನಾನ್ಯಾಕಪ್ಪ ದುಡ್ಡು ಕೊಡ್ಲಿ?"

"ಅರ್ಧ ಬೆಲೆಗಾದ್ರೂ ತಗೊಳ್ಳಿ ಸಾಯೀಂ."

"ಬೆಲೆ ಮಾತಲ್ಲ. ನಾನು ಎರಡು ಸಲ ನಿನ್ನ ಬಾಗಿಲಿಗೆ ಬಂದಿದ್ದೆ, ಇಲ್ವಾ? ಆಗ ನೀನು ನಿಮ್ಮಕ್ಕನ ಬೀಜದ ಮಾತು ಹೇಳಿ ಕಳಿಸ್ದೆ." ಹಾಜಿ ಹುರ್ಮತಳ ಕಡೆ ತಿರುಗಿದ. ಅವನ ದನಿಯಲ್ಲಿ ಕುಹಕವಿರಲಿಲ್ಲ. "ಬೇಜಾರು ಮಾಡ್ಕೋಬೇಡ ಮಾಯಿ. ನಿನ್ನ ಬೀಜ ಒಳ್ಳೇದೇ ಇತ್ತು."

ಮರಳುವ ದಾರಿಯಲ್ಲಿ ಬಚಲ್ ಮುಂದೆ ಮುಂದೆ ನಡೆದ. ಅಕ್ಕ ಹಿಂದೆ ಬಿದ್ದಾಗ ಮಾತ್ರ ನಿಂತು, ಅವಳು ಬರುವವರೆಗೆ ಕಾದು, ಮತ್ತೆ ನಡೆದ.

ಗೋಠು ಖಾಲಿಯಾಯಿತು. ಅವರು ಕರಾಚಿಯ ಅಂಚಿನ ರೆಹ್ರಿಗೆ ಬಂದರು. ಮೀನುಗಾರರ ಊರು. ಬಚಲನಿಗೆ ದೋಣಿ ಹತ್ತಿದರೆ ತಲೆ ಸುತ್ತಿ ವಾಂತಿ. ಮೊದಲ ದಿನವೇ ದೋಣಿ ನಡೆಸುವ ನಾಖುದಾ ಅವನನ್ನು ದಡಕ್ಕೆ ತಂದು ಇಳಿಸಿ, "ನೇಗಿಲು ಹಿಡಿದೋನ ಹೊಟ್ಟೆ ಇದು, ನೀರಲ್ಲಿ ನಿಲ್ಲಲ್ಲ," ಎಂದು ನಕ್ಕಿದ್ದ. ಆಮೇಲೆ ಐಸ್ ಕಾರ್ಖಾನೆಯಲ್ಲಿ ಗಡ್ಡೆ ಹೊರುವ ಕೆಲಸ ಹಿಡಿದ. ಹೆಗಲ ಮೇಲೆ ಗೋಣಿ ಹಾಕಿಕೊಂಡರೂ ಚಳಿ ಮೂಳೆಗಿಳಿದು, ನಡು ಬಾಗತೊಡಗಿತು. ಹುರ್ಮತ್, ಸೋನಾಂ ಇಬ್ಬರೂ ಶೆಡ್ಡಿನಲ್ಲಿ ಸಿಗಡಿ ಸುಲಿಯಲು ಕೂತರು. ಹೆಣ್ಣುಮಕ್ಕಳೂ ಸುಲಿಯಲು ಕಲಿತರು. ಸಿಗಡಿಯ ಉಪ್ಪುನೀರಿಗೆ ಬೆರಳ ಸಂದು ಒಡೆದು ರಾತ್ರಿ ಉರಿಯುತ್ತಿತ್ತು. ಸೋನಾಂ ಒಮ್ಮೆಯೂ ಚುಚ್ಚಿ ಮಾತಾಡಲಿಲ್ಲ. ಚುಚ್ಚಿದ್ದರೆ ಚೆನ್ನಾಗಿತ್ತು ಎಂದು ಹುರ್ಮತಳಿಗೆ ಎಷ್ಟೋ ಸಲ ಅನ್ನಿಸಿತು.

ಜುಮನನ ಸುದ್ದಿ ಯಾರೋ ತಂದರು. ಅವನ ಹೊಲ ಚಿಕ್ಕದೇ. ಕಾಲುವೆಯಲ್ಲಿ ನೀರಿದೆ, ಅಲ್ಲೂ ಸ್ವಲ್ಪ ಸವಳು. ಆದರೆ ಬಿತ್ತುವ ಮೊದಲು ಹೊಲಕ್ಕೆ ನೀರು ಕಟ್ಟಿ ತೊಳೆದು, ಗೋಧಿ ನೆನೆಸಿ ಹಾಕುತ್ತಾರಂತೆ, ಚೆನ್ನಾಗಿ ಬರುತ್ತದಂತೆ. ಜುಮನನ ಹೆಂಡತಿ ಅದಕ್ಕೆ ಹುರ್ಮತ್ ನೀರು ಎಂದು ಹೆಸರಿಟ್ಟಿದ್ದಾಳಂತೆ. ಸುದ್ದಿ ತಂದವನು ಅವಳಿಗೆ ಸಂತೋಷವಾಗಲಿ ಎಂದೇ ಹೇಳಿದ. ಅವಳು ಸುಲಿಯುತ್ತಿದ್ದ ಸಿಗಡಿಯನ್ನು ಬುಟ್ಟಿಗೆ ಹಾಕಿ, ಎದ್ದು ಹೊರಗೆ ಹೋದಳು.

ಐಸ್ ಕಾರ್ಖಾನೆಯ ಬಾಗಿಲಲ್ಲಿ ಬಚಲ್ ಗೋಣಿ ಹೊದ್ದು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಅವಳು ಪಕ್ಕದಲ್ಲಿ ಕೂತಳು.

"ಆ ಹುಡುಗಿ ಫೆಹ್ಮಿದಾ ಅವತ್ತು ಇನ್ನೊಂದು ಮಾತು ಹೇಳಿದ್ಲು," ಎಂದಳು.

"ಯಾವತ್ತು?"

"ನೀನು ಹಾಜಿಗೆ ಇಲ್ಲ ಅಂದ ಹಿಂದಿನ ದಿನ." ಅವಳು ಎಲ್ಲವನ್ನೂ ಹೇಳಿದಳು. ಹೊಸಿಲು ದಾಟಿಸುತ್ತದೆ ಅಷ್ಟೆ ಎಂದದ್ದು, ಉಪ್ಪು ಏರಿದೆ ಎಂದದ್ದು, ಮನೆಯಲ್ಲಿ ಹೇಳಿ ಎಂದದ್ದು. "ನೀನು ಕೇಳ್ದೆ. ಮತ್ತೇನಂತು ಅಂತ ಕೇಳ್ದೆ. ನಾನು ರೊಟ್ಟಿ ಹಾಕ್ಲಾ ಅಂದೆ."

ಬಚಲ್ ಕೈ ಉಜ್ಜಿಕೊಳ್ಳುತ್ತ ಕೂತ. ಒಳಗಿಂದ ಯಾರೋ ಅವನ ಹೆಸರು ಕೂಗಿದರು.

"ಹೇಳ್ಬೇಕಾಗಿತ್ತು ಅದೀ," ಎಂದ. ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ಎದ್ದು, ಗೋಣಿ ಹೆಗಲಿಗೆ ಎಳೆದುಕೊಂಡು ಒಳಗೆ ಹೋದ.

ಅಂದಿನಿಂದ ಅವನು ಅಕ್ಕನೊಡನೆ ಮಾತು ಬಿಡಲಿಲ್ಲ. ಮದ್ದು ಬೇಕೆಂದರೆ ತಂದುಕೊಡುತ್ತಿದ್ದ, ಈದಿಗೆ ಬಟ್ಟೆ ತರುತ್ತಿದ್ದ. ಹೊಲದ ಮಾತು ಮಾತ್ರ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಚಳಿಗಾಲವೊಂದರಲ್ಲಿ ಜುಮನನ ಹೆಂಡತಿ ಹೇಳಿ ಕಳಿಸಿದಳು. ಸುತ್ತಲ ಊರ ಹೆಂಗಸರು ಬೀಜ ನೆನೆಸುವುದನ್ನು ಕಲಿಯಬೇಕಂತೆ. ಮಾಯಿ ಬಂದು ತೋರಿಸಲಿ. ಹುರ್ಮತ್ ಎರಡು ಸಲ ಒಲ್ಲೆ ಎಂದಳು. ಮೂರನೆಯ ಸಲ ಸೋನಾಂ ಅವಳ ಚೀಲ ತುಂಬಿ ಬಸ್ಸಿಗೆ ಹತ್ತಿಸಿದಳು.

ಜುಮನನ ಊರಿನ ಬೇವಿನ ಮರದ ಕೆಳಗೆ ಹೆಂಗಸರು ಕಾಯುತ್ತಿದ್ದರು. ಹುರ್ಮತ್ ಮಡಕೆ ಮುಟ್ಟುವ ಮೊದಲು ಒಬ್ಬೊಬ್ಬಳನ್ನೂ ಕೇಳಿದಳು: "ನಿನ್ನ ಹೊಲಕ್ಕೆ ಮೇಲಿಂದ ಸಿಹಿ ನೀರು ಬರುತ್ತಾ? ಎಷ್ಟು ಸಲ ಬರುತ್ತೆ?" ಬರುತ್ತದೆ ಎಂದವರನ್ನು ಒಂದು ಕಡೆ ಕೂರಿಸಿದಳು. ಒಬ್ಬಳು ಮಾತ್ರ ನಿಂತೇ ಉಳಿದಳು. ಕೆಳಗಿನ ಕಾಲುವೆಯ ಕೊನೆಯಿಂದ ನಡೆದು ಬಂದವಳು, ಎಳೆಯ ವಯಸ್ಸು, ಬಸುರಿ. ಮಡಿಲಲ್ಲಿ ಗೋಧಿಯ ಗಂಟಿತ್ತು.

"ನೀರು ಬರಲ್ಲ ಮಾಯಿ. ಅದಕ್ಕೇ ತಾನೇ ನಿನ್ನ ಹತ್ರ ಬಂದಿದ್ದು?"

"ಹೊಲ ಕೇಳೋರು ಯಾರಾದ್ರೂ ಇದ್ದಾರಾ ಮಗಳೇ?"

"ಇದ್ದಾರೆ. ನಮ್ಮೆಜಮಾನ್ರು ಕೊಡೋಣ ಅಂತಾರೆ. ನಾನೇ ಬೇಡ ಅಂದಿದ್ದೀನಿ. ಬೀಜದ ಮಾಯಿ ಬರ್ತಾಳೆ, ನೋಡೋಣ ಅಂದಿದ್ದೀನಿ."

ಹುರ್ಮತ್ ಮಡಕೆಯನ್ನು ಪಕ್ಕಕ್ಕೆ ಸರಿಸಿದಳು. ಫೆಹ್ಮಿದಾ ಹೇಳಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ತನ್ನ ಹೊಲ ಏನಾಯಿತೆಂದೂ ಹೇಳಿದಳು.

ಹುಡುಗಿಯ ಮುಖ ಕೆಂಪೇರಿತು. "ಇವರಿಗೆಲ್ಲ ಕಲಿಸಿ ನನಗೆ ಮಾತ್ರ ಬಿಟ್ಟೋಗು ಅಂತೀಯಾ? ಇದೇನ್ ನ್ಯಾಯ?"

"ನಿಂಗೂ ಕಲಿಸ್ತೀನಿ. ಕೂತ್ಕೋ. ಆದ್ರೆ ನಾನು ಹೇಳಿದ್ದನ್ನ ಇವತ್ತು ಸಂಜೇನೇ ನಿನ್ನ ಗಂಡಂಗೆ ಹೇಳು. ನಾಳೆಗೆ ಅಂತ ಇಟ್ಕೋಬೇಡ."

ಹುಡುಗಿ ಕೂತಳು. ಕಲಿತಳು. ಬೇರೆಯವರಿಗಿಂತ ಬೇಗ ಕಲಿತಳು. ಹೊರಡುವಾಗ ಮಾತ್ರ ಹುರ್ಮತಳಿಗೆ ಸಲಾಂ ಹೇಳಲಿಲ್ಲ. ಗಂಡನಿಗೆ ಅವಳು ಹೇಳಿದಳೋ ಇಲ್ಲವೋ, ಹುರ್ಮತಳಿಗೆ ಯಾವತ್ತೂ ತಿಳಿಯಲಿಲ್ಲ. ಆಮೇಲೆ ಎಷ್ಟೋ ದಿನ ಅದೇ ಚಿಂತೆ ಅವಳನ್ನು ಕಾಡಿತು.

ರೆಹ್ರಿಗೆ ಮರಳಿದಾಗ ಬಚಲ್ ಮನೆಯಲ್ಲೇ ಇದ್ದ. ನಡುನೋವು ಹೆಚ್ಚಾಗಿ ಎರಡು ದಿನದಿಂದ ಕೆಲಸಕ್ಕೆ ಹೋಗಿರಲಿಲ್ಲ. ಗೋಡೆಗೆ ಒರಗಿ ಕೂತವನು ಅಕ್ಕ ಚೀಲ ಇಳಿಸುವುದನ್ನು ನೋಡಿದ. ನೀರು ಕುಡಿಯುವುದನ್ನು ನೋಡಿದ.

"ಗೋಧಿ ಹೆಂಗಿದೆ ಆ ಕಡೆ?" ಎಂದ.

ಎಷ್ಟೋ ವರ್ಷದ ಮೇಲೆ ಅವನು ಹೊಲದ ಮಾತು ಎತ್ತಿದ್ದ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಈಗ ಬಿತ್ತುತ್ತಾ ಇದ್ದಾರೆ. ಮುಂಚೆ ಹಾಕಿದೋರದು ಗೇಣುದ್ದ ಬಂದಿದೆ."

"ಒತ್ತಾಗಿದೆಯಾ?"

"ಒತ್ತಾಗಿದೆ. ಬದೀಲಿ ನಿಂತ್ರೆ ಮಣ್ಣು ಕಾಣಲ್ಲ."

"ಬಣ್ಣ?"

"ಕಪ್ಪು ಹಸಿರು."

ಬಚಲ್ ಕಣ್ಣು ಮುಚ್ಚಿಕೊಂಡ. ನಿದ್ದೆ ಬಂತೇನೋ ಎಂದು ಅವಳು ಏಳಹೋದಳು. "ಕೂತ್ಕೋ ಅದೀ," ಎಂದ ಅವನು, ಕಣ್ಣು ತೆರೆಯದೆ. "ಕಾಲುವೆ ಯಾವ ಕಡೆಯಿಂದ ಬರುತ್ತೆ, ಹೇಳು."

ಅವಳು ಕೂತು ಹೇಳತೊಡಗಿದಳು.